ಏಳು–ಎಂಟನೇ ಲೇನಿನ ಎಣ್ಣೆ

ನನ್ನ ತಮ್ಮ ವರ್ನ್ ಡೆಕರನಿಗೆ ಚಿಂತೆ ಮಾಡಲು ಕಾರಣ ಬೇಕಾಗಿಲ್ಲ. ಆಕಾಶ ತಿಳಿಯಾಗಿದ್ದರೆ ಹಿಮ ಬೀಳುತ್ತದೇನೋ ಎನ್ನುತ್ತಾನೆ. ಹಿಮ ಬಿದ್ದರೆ ಛಾವಣಿ ತಡೆಯುತ್ತದೋ ಇಲ್ಲವೋ ಎನ್ನುತ್ತಾನೆ. ಛಾವಣಿ ತಡೆದರೆ ಶುಕ್ರವಾರ ನಮ್ಮ ಬಾರಿಗೆ ಮೀನು ತಿನ್ನಲು ಜನ ಬರುವುದಿಲ್ಲವೇನೋ ಎಂದು ಕೊರಗುತ್ತಾನೆ. ಜನ ಬಂದು ಬಾಗಿಲಾಚೆ ಸಾಲು ನಿಂತರೆ, ಅಯ್ಯೋ ಮೀನು ಸಾಲುವುದಿಲ್ಲವಲ್ಲ ಎಂದು ಅಡುಗೆಮನೆಗೆ ಓಡುತ್ತಾನೆ. ಅವನ ಹೆಂಡತಿ ಬೆವ್ ಮದುವೆಯಾದಾಗಿನಿಂದ ಕುದಿಯುವ ಎಣ್ಣೆಯ ಮುಂದೆ ನಿಂತು "ಸಾಲುತ್ತೆ ಹೋಗ್ರೀ" ಎಂದು ಒಂದೇ ಮಾತು ಹೇಳುತ್ತಾ ಬಂದಿದ್ದಾಳೆ. ಅವಳ ತಾಳ್ಮೆ ದೊಡ್ಡದು. ನನ್ನದು ಅಷ್ಟು ದೊಡ್ಡದಲ್ಲ.

ನಾನು ಲೋಯಿಸ್, ವರ್ನ್‌ನ ಅಕ್ಕ. ಮದುವೆಯ ತಂಟೆಗೆ ಹೋಗಲಿಲ್ಲ. ಡೆಕರ್ ಲೇನ್ಸ್‌ನಲ್ಲಿ ಆಡುವವರಿಗೆ ಬಾಡಿಗೆ ಶೂ ಕೊಡುವ ಕೌಂಟರು ನನ್ನದು. ನಮ್ಮಪ್ಪ ಬಿಟ್ಟುಹೋದ ಜಾಗ: ಮುಂದೆ ಬಾರು, ಪಕ್ಕದಲ್ಲಿ ಅಡುಗೆಮನೆ, ಹಿಂದೆ ಎಂಟು ಬೌಲಿಂಗ್ ಲೇನು, ಅಂದರೆ ಭಾರದ ಚೆಂಡು ಉರುಳಿಸಿ ತುದಿಯಲ್ಲಿ ನಿಲ್ಲಿಸಿದ ಹತ್ತು ಪಿನ್ನುಗಳನ್ನು ಕೆಡವುವ ಹಲಗೆಯ ಹಾಸು. ಮಿಶಿಗನ್ ಸರೋವರದ ಗಾಳಿ ಬಡಿಯುವ ಈ ವಿಸ್ಕಾನ್ಸಿನ್ ಊರಿನಲ್ಲಿ ಚಳಿಗಾಲದುದ್ದಕ್ಕೂ ಜನ ಒಂದೋ ಚರ್ಚಿನಲ್ಲಿರುತ್ತಾರೆ, ಇಲ್ಲವೇ ನಮ್ಮಲ್ಲಿರುತ್ತಾರೆ. ನಮ್ಮಲ್ಲೇ ಹೆಚ್ಚು.

ದಿನಾ ಮಧ್ಯಾಹ್ನ ವರ್ನ್ ಯಂತ್ರ ತಳ್ಳಿಕೊಂಡು ಲೇನುಗಳಿಗೆ ಎಣ್ಣೆ ಬಳಿಯುತ್ತಾನೆ. ಅದರಲ್ಲೇನು ಮಹಾ ಎನ್ನುವವರು ಚೆಂಡು ಉರುಳಿಸಿದವರಲ್ಲ. ನಡುವೆ ದಪ್ಪಗೆ, ಅಂಚುಗಳಲ್ಲಿ ತೆಳ್ಳಗೆ ಬಳಿದರೆ ಲೇನು ಆಡುವವರ ಪರವಾಗಿ ನಿಲ್ಲುತ್ತದೆ. ಕೈತಪ್ಪಿ ಅಂಚಿಗೆ ಹೋದ ಚೆಂಡು ಒಣ ಹಲಗೆಯನ್ನು ಕಚ್ಚಿ ತಾನಾಗಿ ಒಳಕ್ಕೆ ತಿರುಗುತ್ತದೆ. ನಡುವಿಗೆ ಬಿದ್ದ ಚೆಂಡು ಜಾರಿಕೊಂಡು ನೆಟ್ಟಗೆ ಪಿನ್ನುಗಳ ಮೇಲೆ ಹೋಗುತ್ತದೆ. ಅದೇ ಎಣ್ಣೆಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ಸಮನಾಗಿ ಬಳಿದರೆ ಮುಗಿಯಿತು, ಕೂದಲೆಳೆಯಷ್ಟು ತಪ್ಪಿದರೂ ಲೇನು ಕ್ಷಮಿಸುವುದಿಲ್ಲ. ಯಾವ ಊರಿನಲ್ಲೂ ಗಿರಾಕಿಗಳಿಗೆ ಸುಲಭದ ಎಣ್ಣೆಯನ್ನೇ ಬಳಿಯುತ್ತಾರೆ, ಅವರು ನಗುತ್ತಾ ಮನೆಗೆ ಹೋಗಬೇಕಲ್ಲ. ಆದರೆ ವರ್ನ್‌ನಷ್ಟು ಧಾರಾಳಿ ಯಾರೂ ಇಲ್ಲ. ನಮ್ಮಲ್ಲಿ ಎರಡು ಬ್ರಾಂದಿ ಇಳಿಸಿದವನೂ ವೀರನೇ. ಅದೇ ವೀರ ಪಕ್ಕದ ಕೌಂಟಿಗೆ ಹೋಗಿ ನೆಲಕಚ್ಚಿ ಬಂದು, ಅಲ್ಲಿಯ ಬಾಡಿಗೆ ಶೂಗಳನ್ನು ಬೈಯುತ್ತಾನೆ.

ಈ ಧಾರಾಳಕ್ಕೆ ಒಂದು ಹಿನ್ನೆಲೆಯಿದೆ. ಇಪ್ಪತ್ತರ ಹರೆಯದಲ್ಲಿ ವರ್ನ್ ಈ ಊರಿನ ಹೆಮ್ಮೆಯಾಗಿದ್ದ. ಮಿಲ್ವಾಕಿಯ ದೊಡ್ಡ ಪಂದ್ಯಕ್ಕೆ ಅವನು ಹೊರಟಾಗ ಊರವರು ಬಸ್ಸು ಮಾಡಿಕೊಂಡು ಹಿಂದೆಯೇ ಹೋದರು. ಅಲ್ಲಿಯ ಎಣ್ಣೆ ಬೇರೆ. ಮೊದಲ ಚೆಂಡೇ ಲೇನಿನ ಪಕ್ಕದ ಕಾಲುವೆಗೆ, ಗಟರಿಗೆ, ಬಿತ್ತು, ಆಮೇಲಿನವು ಅದಕ್ಕಿಂತ ಹೆಚ್ಚೇನೂ ಚೆನ್ನಾಗಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಮಾರನೆಯ ದಿನದಿಂದ ಎಲ್ಲರೂ ಮಾತಾಡಿದರು. ಕ್ಷೌರದಂಗಡಿಯಲ್ಲಿ ಅವನಿಗೆ ಗಟರ್ ಎಂದೇ ಹೆಸರಿಟ್ಟರು. ಅದಾದ ಮೇಲೆ ಅವನು ಕೌಂಟಿ ದಾಟಿ ಆಡಿಲ್ಲ. ಮಿಲ್ವಾಕಿಯ ಹೆಸರೆತ್ತಿದರೆ ಇವತ್ತಿಗೂ ಮುಖ ಹುಳ್ಳಗಾಗುತ್ತದೆ. ತನ್ನ ಲೇನಿನಲ್ಲಿ ಯಾರಿಗೂ ಆ ಗತಿ ಬರಬಾರದೆಂದು ಅವನು ನಿರ್ಧರಿಸಿದ್ದು ಆಗಲೇ ಇರಬೇಕು.

ಅವನ ಒಬ್ಬಳೇ ಮಗಳು ಕೆಂಡ್ರಾ. ನಡೆಯುವುದಕ್ಕೆ ಮೊದಲೇ ಚೆಂಡು ಉರುಳಿಸಿದಳು ಎಂದು ಬೆವ್ ಹೇಳುತ್ತಾಳೆ. ಅದು ಸುಳ್ಳು, ಆದರೆ ತೀರಾ ಸುಳ್ಳೂ ಅಲ್ಲ. ಉದ್ದ ಕಾಲಿನ, ಮೂಗಿನ ತುದಿಯಲ್ಲೇ ಸಿಟ್ಟಿರುವ ಹುಡುಗಿ. ಆ ಸಿಟ್ಟು ನನ್ನಿಂದ ಬಂದದ್ದೆಂದು ಮನೆಯವರ ಆರೋಪ. ಹದಿನಾರಕ್ಕೆ ಒಂದು ಆಟದಲ್ಲಿ ಎಸೆದ ಎಲ್ಲ ಚೆಂಡಿಗೂ ಎಲ್ಲ ಪಿನ್ನುಗಳನ್ನು ಕೆಡವಿ ಮುನ್ನೂರು ಮಾಡಿದಳು. ಮುನ್ನೂರರ ಮೇಲೆ ಅಂಕವೇ ಇಲ್ಲ. ಅವತ್ತು ಬಾರಿನಲ್ಲಿ ಎಲ್ಲರಿಗೂ ಬಿಯರು ಬಿಟ್ಟಿ. ಕೆಂಡ್ರಾಗೆ ಕಾಲೇಜೆಂದರೆ ಹೆಂಗಸರ ಬೌಲಿಂಗ್ ತಂಡವಿರುವ ಕಾಲೇಜು, ಅಷ್ಟೇ. ಓದುವುದೇನು ಎಂದು ಕೇಳಿದರೆ, "ಅದನ್ನ ಅಲ್ಲಿ ಹೋಗಿ ನೋಡ್ಕೋತೀನಿ ಅತ್ತೆ" ಎನ್ನುತ್ತಿದ್ದಳು.

ಹೈಸ್ಕೂಲಿನ ಕೊನೆಯ ವರ್ಷ ಅವಳ ಮುಂದೆ ಎರಡು ದಾರಿ ಇದ್ದವು. ಒಂದು, ನೆಬ್ರಾಸ್ಕದ ಬಯಲಿನಲ್ಲಿರುವ ಹಾರ್ಲನ್ ಸ್ಟೇಟ್ ಎಂಬ ಕಾಲೇಜು. ಈ ಆಟದಲ್ಲಿ ದೇಶಕ್ಕೇ ಹೆಸರಾದ ತಂಡ, ಕಾರಿನಲ್ಲಿ ಒಂದು ಹಗಲಿನ ದಾರಿ. ಇನ್ನೊಂದು ಸೇಂಟ್ ಒಡೀಲಿಯಾ. ನಮ್ಮ ಬಾಗಿಲಿನಿಂದ ಮುಕ್ಕಾಲು ಗಂಟೆ, ತಂಡ ಕಟ್ಟಿ ಇನ್ನೂ ಮೂರು ವರ್ಷ. ಕಾಲೇಜು ಪಂದ್ಯಗಳಲ್ಲಿ ಐದು ಹುಡುಗಿಯರು ಸೇರಿ ಒಂದೇ ಆಟವನ್ನು ಆಡುತ್ತಾರೆ, ಒಬ್ಬೊಬ್ಬಳ ಪಾಲಿಗೆ ಎರಡೇ ಸರದಿ. ಆ ಐವರಲ್ಲಿ ಜಾಗ ಸಿಗದವಳು ಬೆಂಚಿನ ಮೇಲೆ ಕೂತು ಟವೆಲು ಕೊಡಬೇಕು, ಚಪ್ಪಾಳೆ ತಟ್ಟಬೇಕು. ಕಾಲೇಜು ಆರಿಸುವುದರಲ್ಲಿ ಎಡವಿದರೆ ನಾಲ್ಕು ವರ್ಷ ಚಪ್ಪಾಳೆಯೇ ಗತಿ. ಬೌಲಿಂಗ್ ಬಿಟ್ಟರೆ ಬೇರೇನೂ ಬೇಡವೆನ್ನುವ ಹುಡುಗಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಕ್ಕಿಲ್ಲ. ವರ್ನ್‌ನ ನಿದ್ದೆ ಕೆಡಿಸಿದ್ದು ಇದೇ.

ಫೆಬ್ರವರಿಯಲ್ಲಿ ಹಾರ್ಲನ್‌ನ ಕೋಚ್, ಪ್ರುವಿಟ್ ಎಂಬಾಕೆ, ಫೋನ್ ಮಾಡಿದಳು. ಕೆಂಡ್ರಾಳ ವೀಡಿಯೊ ನೋಡಿದ್ದೇನೆ, ಮುಂದಿನ ಶನಿವಾರ ಬಂದು ನಮ್ಮ ಹುಡುಗಿಯರ ಜೊತೆ ಒಂದು ದಿನ ಆಡಲಿ ಎಂದಳು. ಕೆಂಡ್ರಾ ಕುಣಿದಾಡಿದಳು. ಬೆವ್ ಕೇಕು ಮಾಡಿದಳು. ವರ್ನ್ ಬಾರಿನ ಹಿಂದೆ ನಿಂತು, ತೊಳೆದ ಗ್ಲಾಸನ್ನೇ ಮತ್ತೆ ಮತ್ತೆ ತೊಳೆದ.

ಸೋಮವಾರ ಮಧ್ಯಾಹ್ನ ನಾನು ಕೌಂಟರು ತೆರೆಯಲು ಹೋದಾಗ ಅವನು ಕೊನೆಯ ಜೋಡಿ ಲೇನಿನಲ್ಲಿ, ಏಳು–ಎಂಟರಲ್ಲಿ, ಎಣ್ಣೆಯ ಯಂತ್ರವನ್ನು ಬಿಚ್ಚಿ ತಿರುಪು ತಿರುಗಿಸುತ್ತಿದ್ದ. ನನ್ನನ್ನು ಕಂಡು ಬೆಚ್ಚಿದ.

"ಏನೋ ಮಾಡ್ತಿದ್ದೀಯಾ?"

"ಏನಿಲ್ಲ ಅಕ್ಕ."

"ಏನಿಲ್ಲ ಅನ್ನೋನು ಕಳ್ಳನ ಥರ ಯಾಕೋ ನೋಡ್ತೀಯಾ?"

ಅವನ ಹೊಟ್ಟೆಯೊಳಗೆ ಯಾವ ಗುಟ್ಟೂ ನನ್ನೆದುರು ಬಹಳ ಹೊತ್ತು ನಿಲ್ಲುವುದಿಲ್ಲ. ಇಷ್ಟು ವರ್ಷ ಅವನು ನಮ್ಮ ಲೇನುಗಳಿಗೆ ಬಳಿಯುತ್ತಿದ್ದದ್ದು ಬರೀ ಸುಲಭದ ಎಣ್ಣೆಯಲ್ಲ, ಕೆಂಡ್ರಾಳ ಕೈಗೆ ಅಳತೆ ತೆಗೆದು ಬಳಿದ ಎಣ್ಣೆ. ಅವಳು ಎತ್ತರವಾದಂತೆ, ಅವಳ ಚೆಂಡು ಭಾರವಾದಂತೆ, ಒಣ ಅಂಚನ್ನು ಒಂದೊಂದೇ ಹಲಗೆಯಷ್ಟು ಆಚೀಚೆ ಸರಿಸುತ್ತಾ ಬಂದಿದ್ದ. ಹೋದ ವರ್ಷ ರಾಜ್ಯದ ಪಂದ್ಯದಲ್ಲಿ ಅವಳು ಮುಗ್ಗರಿಸಿದಾಗ, ನಿನಗೆ ಜ್ವರವಿತ್ತು ಎಂದು ಅವಳನ್ನೂ ನಂಬಿಸಿದ್ದ, ತಾನೂ ಅರ್ಧ ನಂಬಿದ್ದ. ಹಾರ್ಲನ್‌ನಲ್ಲಿ ಸಮನಾಗಿ ಬಳಿದ ಲೇನಿನಲ್ಲಿ ಆಡಿಸುತ್ತಾರೆ. ಅಲ್ಲಿ ಅವಳಿಗೂ ಮಿಲ್ವಾಕಿಯ ಗತಿಯಾದರೆ ಎಂದು ಅವನಿಗೆ ಈಗ ಹೆದರಿಕೆ. ಕೆಂಡ್ರಾ ದಿನಾ ಅಭ್ಯಾಸ ಮಾಡುವುದು ಏಳು–ಎಂಟರಲ್ಲೇ. ಆ ಜೋಡಿಗೆ ಮಾತ್ರ ಈಗ ಗುಟ್ಟಾಗಿ ಹಾರ್ಲನ್‌ನಂಥ ಎಣ್ಣೆ ಬಳಿಯುತ್ತಿದ್ದ.

"ಗುಟ್ಟು ಯಾಕೋ? ಅವಳಿಗೆ ಹೇಳೇ ಬಳಿ."

"ಹೇಳಿದ್ರೆ ಇಷ್ಟು ವರ್ಷದ್ದನ್ನೂ ಹೇಳ್ಬೇಕಾಗುತ್ತಲ್ಲಕ್ಕ. ಅವಳು ಜಾಣೆ, ವಾರದೊಳಗೆ ತಾನಾಗೇ ಹೊಂದ್ಕೋತಾಳೆ."

"ಹೊಂದ್ಕೊಳ್ದಿದ್ರೆ?"

ಅವನು ಮತ್ತೆ ತಿರುಪಿಗೆ ಕೈಹಾಕಿದ.

ಅವಳು ಹೊಂದಿಕೊಳ್ಳಲಿಲ್ಲ. ಸೋಮವಾರ ಚೆಂಡು ಎಲ್ಲೆಲ್ಲಿಗೋ ಹೋಯಿತು. ಮಂಗಳವಾರ ಇನ್ನೂ ಕೆಟ್ಟಿತು. ತಪ್ಪು ಲೇನಿನದೆಂದು ಅವಳಿಗೆ ಹೊಳೆಯುವುದಾದರೂ ಹೇಗೆ? ಆ ಲೇನು ಅವಳಪ್ಪನದು. ಹೆಬ್ಬೆರಳಿನ ಟೇಪು ಬಿಚ್ಚಿ ಮತ್ತೆ ಸುತ್ತಿದಳು, ಹೆಜ್ಜೆ ಬದಲಿಸಿದಳು, ಮಣಿಕಟ್ಟು ಬಿಗಿಹಿಡಿದಳು, ಒಂದಾದ ಮೇಲೊಂದು ಎಸೆದೇ ಎಸೆದಳು. ಕೊನೆಗೆ ಬರಿಗಾಲಲ್ಲಿ ಬಂದು ನನ್ನ ಕೌಂಟರಿಗೆ ಒರಗಿದಳು. ಕಣ್ಣು ಕೆಂಪಗಾಗಿತ್ತು. ಹೆಬ್ಬೆರಳಿನ ಬುಡ ಬಾತಿತ್ತು.

"ಅತ್ತೆ, ನನ್ನ ಕೈ ಹೋಯ್ತು."

"ಎಲ್ಲಿಗೆ ಹೋಗುತ್ತೆ, ಇಲ್ಲೇ ಇದೆಯಲ್ಲೇ."

"ತಮಾಷೆ ಮಾಡ್ಬೇಡ. ನಂಗೆ ಹುಷಾರಿಲ್ಲ ಅಂತ ಹಾರ್ಲನ್‌ಗೆ ಫೋನ್ ಮಾಡ್ಬಿಡು. ಅಮ್ಮನಿಗೆ ಸುಳ್ಳು ಹೇಳೋಕೆ ಬರಲ್ಲ, ನಿಂಗೆ ಬರುತ್ತೆ."

ನಾನು ವರ್ನ್‌ನ ಕಡೆ ನೋಡಿದೆ. ಅವನು ಹಿಮ ತೆಗೆಯುವ ಸಲಿಕೆ ಹಿಡಿದು ಹೊರಗೆ ಹೋದ. ಹೊರಗೆ ಹಿಮವೇ ಇರಲಿಲ್ಲ. ನಾನೂ ಹಿಂದೆಯೇ ಹೋಗಿ, "ನಾಳೆ ಸಂಜೆಯೊಳಗೆ ನೀನು ಹೇಳ್ದಿದ್ರೆ ನಾನೇ ಹೇಳ್ತೀನಿ" ಎಂದೆ. "ಹೇಳ್ತೀನಕ್ಕ, ಹೇಳ್ತೀನಿ" ಎಂದ. ಸಲಿಕೆಯಿಂದ ಬರೀ ನೆಲವನ್ನು ಕೆರೆಯತೊಡಗಿದ. ಎರಡು ಬಿಡಬೇಕೆಂಬಷ್ಟು ಸಿಟ್ಟು ಬಂದಿದ್ದರೂ ಅವನ ಕೋಟಿನ ಗುಂಡಿ ಹಾಕಿ ಒಳಗೆ ಬಂದೆ.

ಹೇಳುವ ಕಷ್ಟ ಅವನಿಗೆ ಬರಲಿಲ್ಲ. ಬುಧವಾರ ಹೆಂಗಸರ ಲೀಗು. ಒಬ್ಬರಿಗೇ ಒಳ್ಳೆಯ ಲೇನು ಸಿಗಬಾರದೆಂದು ತಂಡಗಳು ವಾರವಾರಕ್ಕೂ ಲೇನು ಬದಲಿಸುತ್ತವೆ, ಆ ವಾರ ಏಳು–ಎಂಟು ಆರ್ಡಿಸ್ ಸ್ಟಾಲ್‌ಳ ತಂಡಕ್ಕೆ ಬಂತು. ಲೀಗಿಗೆ ಮುಂಚೆ ಆ ಜೋಡಿಯನ್ನು ಒರೆಸಿ ಸುಲಭದ ಎಣ್ಣೆ ಬಳಿಯಬೇಕೆಂಬುದು, ಮಗಳಿಗೆ ಏನೆಂದು ಹೇಳಲಿ ಎಂಬ ಚಿಂತೆಯಲ್ಲಿ ವರ್ನ್‌ಗೆ ಮರೆತೇಹೋಗಿತ್ತು. ಆರ್ಡಿಸ್‌ಗೆ ಎಪ್ಪತ್ತು ದಾಟಿದೆ. ಎರಡೂ ಮಂಡಿ ಹೊಸವು, ನಾಲಿಗೆ ಮಾತ್ರ ಹಳೆಯದೇ. ಮೂರನೇ ಚೆಂಡೂ ಗಟರಿಗೆ ಬಿದ್ದಾಗ ಆಕೆ ಸೊಂಟದ ಮೇಲೆ ಕೈಯಿಟ್ಟು ಬಾರಿನ ಕಡೆ ತಿರುಗಿದಳು.

"ಏನಯ್ಯಾ ವರ್ನ್! ಈ ಏಳಕ್ಕೂ ಎಂಟಕ್ಕೂ ಏನು ಸುರಿದಿದ್ದೀಯಾ? ಅಲ್ಲಿ ಒಂದರಲ್ಲಿ ಕಣ್ಣು ಮುಚ್ಕೊಂಡು ಎಸೆದ್ರೂ ಎಲ್ಲ ಬೀಳ್ತಿವೆ, ಇಲ್ಲಿ ನನ್ನ ಚೆಂಡು ಕೆನಡಾಕ್ಕೆ ಹೋಗ್ತಿದೆ!"

"ವಯಸ್ಸಾಯ್ತಲ್ಲ ಆರ್ಡಿಸ್" ಎಂದು ಪಕ್ಕದ ತಂಡದಿಂದ ಯಾರೋ ಕೂಗಿದರು.

"ವಯಸ್ಸು ನಂಗಾಗಿರಬಹುದು. ನನ್ನ ತಂಡಕ್ಕೆಲ್ಲ ಒಟ್ಟಿಗೇ ಆಯ್ತಾ? ಲೇನು ಕೆಟ್ಟಿದೆ ಕಣಯ್ಯಾ!"

ಹೆಂಗಸರೆಲ್ಲ ನಕ್ಕರು. ಕರಿದ ಚೀಸಿನ ತಟ್ಟೆ ಹಿಡಿದು ಹೋಗುತ್ತಿದ್ದ ಕೆಂಡ್ರಾ ನಗಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟಳು. ತನ್ನ ಚೆಂಡು ತಂದು, ಆಡುತ್ತಿದ್ದವರನ್ನು ಕೇಳಿ ಒಂದನೇ ಲೇನಿನಲ್ಲಿ ಎಸೆದಳು. ಹತ್ತೂ ಪಿನ್ನು ಬಿದ್ದವು. ಏಳಕ್ಕೆ ಬಂದು ಅದೇ ಹೆಜ್ಜೆ, ಅದೇ ಕೈಯಲ್ಲಿ ಎಸೆದಳು. ಚೆಂಡು ತಿರುಗಲೇ ಇಲ್ಲ, ಅಂಚಿನ ಎರಡು ಪಿನ್ನು ಕೆಡವಿ ಹೋಯಿತು. ಮತ್ತೆ ಒಂದಕ್ಕೆ ಹೋದಳು. ಮತ್ತೆ ಏಳಕ್ಕೆ ಬಂದಳು. ಆ ಹೊತ್ತಿಗೆ ಆರ್ಡಿಸ್ ಕೂಡ ಬಾಯಿ ಮುಚ್ಚಿದ್ದಳು.

ಕೆಂಡ್ರಾ ನೇರವಾಗಿ ಬಾರಿಗೆ ಬಂದಳು. ದನಿ ಎತ್ತಲಿಲ್ಲ.

"ಅಪ್ಪಾ, ಒಂದರಲ್ಲಿರೋದು ಯಾವ ಎಣ್ಣೆ?"

"ಯಾವತ್ತಿನದ್ದೇ ಪುಟ್ಟಾ."

"ಏಳರಲ್ಲಿರೋದು?"

"ಹಾರ್ಲನ್‌ನಲ್ಲಿ ಬಳೀತಾರಲ್ಲ, ಆ ಥರದ್ದು."

"ಯಾವತ್ತಿನದ್ದು ಅಂದ್ಯಲ್ಲ, ಅದು ಎಲ್ಲರ ಹತ್ರಾನೂ ಇರೋ ಥರದ್ದಾ?" ವರ್ನ್ ಒಂದು ಗ್ಲಾಸು ಎತ್ತಿ ಒರೆಸತೊಡಗಿದ. "ಹೇಳಪ್ಪಾ."

"ಸ್ವಲ್ಪ... ನಿನ್ನ ಕೈಗೆ ಸರಿಹೋಗೋ ಹಾಗೆ."

"ಎಷ್ಟು ವರ್ಷದಿಂದ?"

"ನೀನು ಚಿಕ್ಕೋಳಿದ್ದಾಗಿಂದ."

"ಹಾಗಾದ್ರೆ ಆ ಮುನ್ನೂರು ನಂದಲ್ಲ, ನಿಂದು" ಎಂದಳು. ಮತ್ತೆ, "ನನ್ನ ಕೈಯೇ ಹೋಯ್ತು ಅಂತ ಎರಡು ದಿನ ಅಳ್ತಿದ್ನಲ್ಲಪ್ಪಾ, ನೀನು ನೋಡ್ಕೊಂಡು ಸುಮ್ನೆ ನಿಂತಿದ್ಯಲ್ಲ" ಎಂದಳು. ವರ್ನ್ ಬಾರಿನ ಅಂಚು ಹಿಡಿದು ನಿಂತಿದ್ದ. ಅವನು ಅಷ್ಟು ಸಣ್ಣವನಾಗಿ ಕಂಡದ್ದನ್ನು ನಾನು ಆ ಮಿಲ್ವಾಕಿಯ ಬಸ್ಸಿನ ನಂತರ ನೋಡಿರಲಿಲ್ಲ.

ಅವಳು ಹಾರ್ಲನ್‌ಗೆ ಹೋಗುವುದಿಲ್ಲವೆಂದೇ ನಾವು ತಿಳಿದೆವು. ಆದರೆ ಮರುದಿನ ತಿಂಡಿಯ ಹೊತ್ತಿಗೆ ಹಟ ಹಿಡಿದವಳಂತೆ ಹೇಳಿದಳು: "ನಾನು ಹೋಗ್ತೀನಿ. ಅತ್ತೆ ಕಾರು ಓಡಿಸ್ಲಿ. ಅಪ್ಪ ಬರೋದು ಬೇಡ."

ಶುಕ್ರವಾರ ಹೊರಟೆವು. ದಾರಿಯ ನಡುವಿನ ಅಯೋವಾ ರಾಜ್ಯ ಅರ್ಧ ಮುಗಿಯಿತು. ಆಮೇಲೆ ಕೆಂಡ್ರಾ ಕಿಟಕಿಯಾಚೆ ನೋಡುತ್ತಲೇ ಕೇಳಿದಳು.

"ಅತ್ತೆ, ನಾನು ಆಡೋಳೇ ಅಲ್ವೇನೋ?"

"ನಂಗೊತ್ತಿಲ್ಲ ಕಣೇ" ಎಂದೆ. ಬೇರೇನಾದರೂ ಹೇಳಬಹುದಿತ್ತು, ಆದರೆ ಸಮಾಧಾನದ ಮಾತುಗಳನ್ನು ಅವಳು ಆ ಮನೆಯಲ್ಲಿ ಬೇಕಾದಷ್ಟು ತಿಂದಿದ್ದಳು. ಅವಳು ತಲೆಯಾಡಿಸಿ, ಬಾತ ಹೆಬ್ಬೆರಳನ್ನು ನೀವಿಕೊಳ್ಳುತ್ತಾ ಕೂತಳು.

ಹಾರ್ಲನ್‌ನಲ್ಲಿ ಅವಳನ್ನು ನಾಲ್ವರು ಹುಡುಗಿಯರ ಜೊತೆ ಸೇರಿಸಿದರು. ಮೊದಲ ಚೆಂಡಿಗೆ ಎರಡು ಮೂಲೆಯಲ್ಲಿ ಎರಡು ಪಿನ್ನು ಉಳಿದವು, ಎರಡನೆಯದಕ್ಕೆ ಒಂದೂ ಬೀಳಲಿಲ್ಲ. ತಲೆ ತಗ್ಗಿಸಿ ತಿರುಗಿದರೆ ನಾಲ್ವರೂ ಅಂಗೈ ಚಾಚಿ ನಿಂತಿದ್ದರು. ತಟ್ಟಿಸಿಕೊಂಡು ಬಂದಳು. ಮುಂದಿನವಳು ಎಲ್ಲವನ್ನೂ ಕೆಡವಿ ಬಂದಾಗಲೂ ಅದೇ ತಟ್ಟು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೈಚೀಲ ಅವುಚಿಕೊಂಡು ಕೂತಿದ್ದೆ. ವರ್ನ್ ಬಂದಿದ್ದರೆ ಅಲ್ಲೇ ಬಿದ್ದುಹೋಗುತ್ತಿದ್ದ. ಮಧ್ಯಾಹ್ನದವರೆಗೂ ಅವಳಿಗೆ ದಾರಿಯೇ ಸಿಗಲಿಲ್ಲ. ಊಟವಾದ ಮೇಲೆ ಪ್ರತಿ ಚೆಂಡು ಎಲ್ಲಿ ತಿರುಗಿತು ಎಂದು ಆ ಹುಡುಗಿಯರನ್ನು ಕೇಳಲು ಶುರುಮಾಡಿದಳು. ಉಳಿದ ಪಿನ್ನುಗಳನ್ನು ಎರಡನೇ ಚೆಂಡಿಗೆ ಕೆಡವಿಕೊಳ್ಳುವಷ್ಟಕ್ಕೆ ಬಂದಳು. ಅಷ್ಟೇ.

ಕೋಚ್ ಪ್ರುವಿಟ್ ಗಿಡ್ಡ ಹೆಂಗಸು, ಚ್ಯೂಯಿಂಗ್ ಗಮ್ ಜಗಿಯುತ್ತಲೇ ಮಾತಾಡುತ್ತಾಳೆ. ಸಂಜೆ ಕೆಂಡ್ರಾಳ ಪಕ್ಕ ಬಂದು ಕೂತಳು.

"ನಿನ್ನ ವೀಡಿಯೊ ನೋಡಿದಾಗ್ಲೇ ಅದು ಮನೆ ಎಣ್ಣೆ ಅಂತ ಗೊತ್ತಿತ್ತಮ್ಮಾ. ಎಲ್ಲ ಹುಡುಗೀರೂ ಅಂಥದ್ರಲ್ಲೇ ಆಡಿ ಬರ್ತಾರೆ. ನಿಮ್ಮನೇಲಿ ಸ್ವಲ್ಪ ಜಾಸ್ತಿ ಮುದ್ದು ಮಾಡಿದ್ದಾರೆ."

"ನನ್ನ ತಗೋತೀರಾ ಮೇಡಂ?"

"ತಗೋತೀನಿ. ಆಡಿಸ್ತೀನಿ ಅಂತ ಮಾತು ಕೊಡಲ್ಲ. ಮೊದಲ್ನೇ ವರ್ಷ ಬೆಂಚೇ. ಆಮೇಲಿಂದು ಆಮೇಲೆ. ಬೇರೆಯವರು ಇವತ್ತೇ ಐವರಲ್ಲಿ ಜಾಗ ಕೊಡ್ತೀನಿ ಅಂದ್ರೆ ಅಲ್ಲಿಗೆ ಹೋಗೋದ್ರಲ್ಲಿ ತಪ್ಪೇನಿಲ್ಲ."

ಬೇರೆಯವರು ಅದನ್ನೇ ಅಂದರು. ನಾವು ಹಿಂತಿರುಗಿದ ವಾರದಲ್ಲೇ ಸೇಂಟ್ ಒಡೀಲಿಯಾದ ಕೋಚ್ ನಮ್ಮಲ್ಲಿಗೆ ಬಂದು ಮೀನು ತಿಂದು, ಮೊದಲ ದಿನದಿಂದಲೇ ಐವರಲ್ಲಿ ಒಬ್ಬಳು, ಅದೂ ಕೊನೆಯ ಸರದಿಯವಳು ಎಂದು ಹೇಳಿಹೋದ. ಕೊನೆಯ ಸರದಿಯನ್ನು ತಂಡದ ಅತ್ಯುತ್ತಮ ಆಟಗಾರ್ತಿಗೇ ಕೊಡುವುದು. ವರ್ನ್‌ನ ಮುಖಕ್ಕೆ ಕಳೆ ಬಂತು. ಕೆಂಡ್ರಾ ಅಪ್ಪನೊಡನೆ ಮತ್ತೆ ಎರಡು ಮಾತಾಡತೊಡಗಿದ್ದಳು. ಆದರೆ ಉಗುರು ಕಚ್ಚುತ್ತಿದ್ದಳು, ಅರ್ಧ ಊಟಕ್ಕೇ ಏಳುತ್ತಿದ್ದಳು. ಒಂದು ದಿನ ಶೂಗಳಿಗೆ ಪೌಡರು ಹಾಕುತ್ತಿದ್ದ ನನ್ನ ಹತ್ತಿರ ಬಂದು, "ಒಡೀಲಿಯಾದಲ್ಲಿ ಆಡ್ಬಹುದಲ್ವಾ ಅತ್ತೆ? ಕೂರೋದಕ್ಕಿಂತ ಆಡೋದು ಒಳ್ಳೇದಲ್ವಾ?" ಎಂದಳು. ಒಳ್ಳೆಯದೇ ಎಂದೆ. ಆ ಮಾತು ಸುಳ್ಳೂ ಅಲ್ಲ. ಉತ್ತರ ಕೊಡಲು ಇನ್ನೊಂದು ವಾರವಿತ್ತು, ಅವಳ ಮನಸ್ಸು ಹತ್ತಿರದ ಕಡೆಗೇ ವಾಲಿತ್ತು.

ಭಾನುವಾರ ಚರ್ಚಿನಿಂದ ಬಂದು ನಾಲ್ವರೂ ಊಟಕ್ಕೆ ಕೂತಿದ್ದೆವು. ಬೆವ್ ಆಲೂಗಡ್ಡೆ ಬಡಿಸುತ್ತಾ ಸಂತೋಷದಿಂದ ಹೇಳಿದಳು:

"ಒಡೀಲಿಯಾ ಅಂದ್ರೆ ಒಳ್ಳೇದೇ ಬಿಡು ಕೆಂಡ್ರಾ. ನಿಮ್ಮಪ್ಪನೂ ಪಂದ್ಯದ ದಿನ ಅಲ್ಲೇ ಇರ್ತಾರೆ. ಆ ಕಾಲೇಜಿನವರು ಆಡೋ ಲೇನುಗಳ ಮಾಲೀಕ ಡ್ವೇನ್ ಇವರ ಹಳೇ ಸ್ನೇಹಿತ. ಎಣ್ಣೆ ಬಳಿಯೋಕೆ ನಾನೇ ಬರ್ತೀನಿ ಅಂತ ಆಗ್ಲೇ ಹೇಳಿಟ್ಟಿದ್ದಾರೆ."

ಅಪ್ಪ ಮಗಳು ರಾಜಿಯಾದರೆ ಸಾಕು ಎಂಬುದಷ್ಟೇ ಬೆವ್‌ಳ ಮನಸ್ಸಿನಲ್ಲಿತ್ತು. ವರ್ನ್ ಕಿವಿಯವರೆಗೆ ಕೆಂಪಾದ. ಕೆಂಡ್ರಾ ಫೋರ್ಕನ್ನು ತಟ್ಟೆಯ ಮೇಲಿಟ್ಟಳು.

"ಹೌದಾ ಅಪ್ಪಾ?"

"ಬರೀ ಸಹಾಯಕ್ಕೆ ಪುಟ್ಟಾ. ಅವನ ಯಂತ್ರ ಕೆಟ್ಟಿದೆ, ಪಾಪ..."

"ಯಾವ ಎಣ್ಣೆ ಬಳಿಯೋನಿದ್ದೆ?"

ವರ್ನ್ ತಟ್ಟೆ ನೋಡಿದ. ಅವಳು ಕಿರುಚುತ್ತಾಳೆಂದು ನಾನು ಕಾದೆ. ನಾನಾಗಿದ್ದರೆ ಕಿರುಚುತ್ತಿದ್ದೆ. ಅವಳು ಕಿರುಚಲಿಲ್ಲ.

"ನಾನು ಹಾರ್ಲನ್‌ಗೆ ಹೋಗ್ತೀನಿ."

"ಅಲ್ಲಿ ನಿನ್ನ ಬೆಂಚಲ್ಲಿ ಕೂರಿಸ್ತಾರೆ ಪುಟ್ಟಾ."

"ಕೂತ್ಕೋತೀನಿ."

"ಎರಡ್ನೇ ವರ್ಷಾನೂ ಕೂರಿಸಿದ್ರೆ?"

"ಕೂತ್ಕೋತೀನಿ."

"ನಾಲ್ಕೂ ವರ್ಷ ಕೂರಿಸಿಬಿಟ್ರೆ?"

ಅವಳು ಗದ್ದವನ್ನು ಕೈಯಲ್ಲಿ ಒತ್ತಿ ಹಿಡಿದಳು.

"ಭಯ ಆಗುತ್ತಪ್ಪಾ. ತುಂಬಾ ಭಯ ಆಗುತ್ತೆ. ಆದ್ರೆ ಅಲ್ಲಿ ಒಂದೇ ಒಂದು ಪಿನ್ನು ಬಿದ್ರೂ ಅದನ್ನ ನಾನೇ ಬೀಳಿಸಿದ್ದು ಅಂತ ಗೊತ್ತಿರುತ್ತೆ."

ಬೆವ್ ಬಡಿಸುವ ಚಮಚ ಹಿಡಿದೇ ನಿಂತಿದ್ದಳು. ವರ್ನ್ ಮಗಳನ್ನು ನೋಡಿದ. ಅವನ ಕಣ್ಣು ತುಂಬಿತ್ತು.

"ನಂಗೂ ಭಯ ಆಗುತ್ತಲ್ಲ" ಎಂದ.

"ಗೊತ್ತು. ನಿಂದು ನಿನ್ನ ಹತ್ರಾನೇ ಇರ್ಲಿ. ನಂದು ನಂಗೆ ಬಿಟ್ಬಿಡು."

ಅವನು ತನ್ನ ತಟ್ಟೆಯನ್ನು ಸ್ವಲ್ಪ ಆಚೆ ತಳ್ಳಿದ. ಆಮೇಲೆ "ಬಿಟ್ಟೆ" ಎಂದ. ಅದು ಅವನಿಂದ ಆಗದ ಮಾತೆಂದು ಮೇಜಿನ ಸುತ್ತ ಇದ್ದ ನಾಲ್ವರಿಗೂ ಗೊತ್ತಿತ್ತು. ಆದರೂ ಅವನು ಹೇಳಿದ, ಕೆಂಡ್ರಾ ತಲೆಯಾಡಿಸಿ ಒಪ್ಪಿಕೊಂಡಳು.